ಹಿತ್ತಲ ಕೋಳಿಯ ನಡೆ-ನುಡಿ: ಚೇಷ್ಟೆ ಯಾವುದು, ರೋಗ ಯಾವುದು?

ಮಧುಗಿರಿ: ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಬಣ್ಣದ ಕೊಕ್ಕರೆಗಳನ್ನು ನೋಡಲು, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಕೃಷ್ಣಮೃಗಗಳನ್ನು ನೋಡಲು ನಗರಗಳಿಂದ ಜನ ಬರುತ್ತಾರೆ. ದಾರಿಯುದ್ದಕ್ಕೂ ತಿಪ್ಪೆ ಕೆದಕುತ್ತ, ವಾಹನದ ಸದ್ದಿಗೆ ಬೆದರಿ ರಸ್ತೆ ದಾಟುವ ಕೋಳಿಯನ್ನು ಮಾತ್ರ ಯಾರೂ ನಿಂತು ನೋಡುವುದಿಲ್ಲ. ಆದರೆ ಈ ಸೀಮೆಯ ಬಡ ಕುಟುಂಬಗಳ ದಿನನಿತ್ಯದ ಬದುಕಿಗೆ ಅತ್ಯಂತ ಹತ್ತಿರವಾದ ಹಕ್ಕಿ ಅದೇ.

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗಕ್ಕೆ ಸೇರಿವೆ. ರಾಗಿ, ಕಡಲೆಕಾಯಿ, ಹುಣಸೆ, ಕುರಿ ಸಾಕಣೆಯನ್ನು ನಂಬಿದ ಒಣಭೂಮಿ ಇದು. ಮಳೆ ಕೈಕೊಟ್ಟ ವರ್ಷ ಹೊಲದಿಂದ ಏನೂ ಬಾರದಿದ್ದರೂ ಹಿತ್ತಲಿನ ನಾಲ್ಕು ಹೇಟೆ, ಒಂದು ಹುಂಜ ಮನೆಯ ಕೈಖರ್ಚನ್ನು ತೂಗಿಸುತ್ತವೆ. ಮಕ್ಕಳ ಪುಸ್ತಕಕ್ಕೆ, ಆಸ್ಪತ್ರೆಯ ಖರ್ಚಿಗೆ, ನೆಂಟರು ಬಂದ ದಿನದ ಸಾರಿಗೆ ಒದಗುವುದು ಈ ಕೋಳಿಗಳೇ. ಇವುಗಳ ಲೆಕ್ಕ ಬಹುತೇಕ ಮನೆಗಳಲ್ಲಿ ಹೆಂಗಸರ ಕೈಯಲ್ಲಿರುತ್ತದೆ.

ಹೀಗಿದ್ದೂ ಕೋಳಿಯ ನಡವಳಿಕೆಯ ಬಗ್ಗೆ ಎರಡು ಬಗೆಯ ತಪ್ಪುಗಳು ಮತ್ತೆ ಮತ್ತೆ ನಡೆಯುತ್ತವೆ. ಸಹಜವಾದ ಚೇಷ್ಟೆಯನ್ನು ಅಪಶಕುನವೆಂದೋ ಕಾಯಿಲೆಯೆಂದೋ ಭಾವಿಸಿ ಒಳ್ಳೆಯ ಕೋಳಿಯನ್ನು ಕಳೆದುಕೊಳ್ಳುವುದು ಮೊದಲನೆಯದು. ನಿಜವಾದ ರೋಗದ ಲಕ್ಷಣವನ್ನು ಚೇಷ್ಟೆಯೆಂದು ತಿಳಿದು ಸುಮ್ಮನಿದ್ದು ಇಡೀ ಕೇರಿಯ ಕೋಳಿಗಳನ್ನು ಕಳೆದುಕೊಳ್ಳುವುದು ಎರಡನೆಯದು. ಈಚಿನ ವರ್ಷಗಳಲ್ಲಿ ನಗರದ ಮನೆಗಳ ಹಿಂದೆ, ತಾರಸಿಯ ಮೇಲೆ ನಾಟಿ ಕೋಳಿ ಸಾಕುವವರಿಗೂ ಈ ವಿವೇಚನೆ ಅಗತ್ಯ.

ಕಾಡಿನಿಂದ ಹಿತ್ತಲಿಗೆ

ಕೋಳಿಯ ವರ್ತನೆ ಅರ್ಥವಾಗಬೇಕಾದರೆ ಅದರ ಮೂಲವನ್ನು ಅರಿಯಬೇಕು. ಜಗತ್ತಿನ ಎಲ್ಲ ಸಾಕುಕೋಳಿಗಳ ಮುಖ್ಯ ಪೂರ್ವಜ ಕೆಂಪು ಕಾಡುಕೋಳಿ. ಆಗ್ನೇಯ ಏಷ್ಯಾದಲ್ಲಿ ಕಂಡುಬರುವ ಅದರ ಒಂದು ಉಪಪ್ರಭೇದದಿಂದಲೇ ಸಾಕುಕೋಳಿ ಬಂದಿತೆಂದು 2020ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನವೊಂದು ತೋರಿಸಿತು. 2022ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದ ಪ್ರಕಾರ, ಸಾಕುಕೋಳಿಯದೆಂದು ಖಚಿತವಾಗಿ ಹೇಳಬಹುದಾದ ಅತ್ಯಂತ ಹಳೆಯ ಮೂಳೆಗಳು ದೊರೆತಿರುವುದು ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ. ಅವುಗಳ ಕಾಲ ಕ್ರಿಸ್ತಪೂರ್ವ 1650ರಿಂದ 1250ರ ನಡುವೆ. ಭತ್ತ ಮತ್ತು ಸಿರಿಧಾನ್ಯಗಳ ಬೇಸಾಯ ಆರಂಭವಾದಾಗ ಕಾಳಿನ ಆಸೆಗೆ ಕಾಡುಕೋಳಿಗಳು ಮರದಿಂದಿಳಿದು ಊರಿನ ಅಂಚಿಗೆ ಬಂದವು ಎಂಬುದು ಸಂಶೋಧಕರ ಅಭಿಪ್ರಾಯ. ರಾಗಿಯ ಕಣದ ಸುತ್ತ ಇಂದಿಗೂ ಸುಳಿಯುವ ಕೋಳಿಯನ್ನು ಕಂಡವರಿಗೆ ಇದನ್ನು ನಂಬುವುದು ಕಷ್ಟವಲ್ಲ.

ದಕ್ಷಿಣ ಭಾರತಕ್ಕೂ ಇದರಲ್ಲಿ ಪಾಲಿದೆ. ನಮ್ಮ ನಾಡಿನ ಬೂದು ಕಾಡುಕೋಳಿ ಭಾರತ ಪರ್ಯಾಯದ್ವೀಪದ ಹಕ್ಕಿ. ಸಾಕುಕೋಳಿಗಳ ಕಾಲು ಮತ್ತು ಚರ್ಮದ ಹಳದಿ ಬಣ್ಣಕ್ಕೆ ಕಾರಣವಾದ ಜೀನ್ ಈ ಬೂದು ಕಾಡುಕೋಳಿಯಿಂದ ಬಂದುದೆಂದು ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2008ರಲ್ಲಿ ತೋರಿಸಿಕೊಟ್ಟರು.

ಸಾವಿರಾರು ವರ್ಷ ಮನುಷ್ಯನ ಜೊತೆಗಿದ್ದರೂ ಕೋಳಿ ತನ್ನ ಕಾಡಿನ ನಿಯಮಗಳನ್ನು ಮರೆತಿಲ್ಲ. ಸಂಜೆಯಾದೊಡನೆ ಎತ್ತರದ ಕೊಂಬೆ ಹುಡುಕುವುದು, ಮೊಟ್ಟೆಯನ್ನು ಬಚ್ಚಿಡುವುದು, ನೆರಳು ಹಾಯ್ದೊಡನೆ ಕುಗ್ಗಿ ಕೂರುವುದು ಇವೆಲ್ಲವೂ ಶತ್ರುಗಳಿಂದ ತುಂಬಿದ ಕಾಡಿನಲ್ಲಿ ಕಲಿತ ಪಾಠಗಳು. ನಾವು ಚೇಷ್ಟೆ ಎನ್ನುವುದರ ಹಿಂದೆ ಬಹುಮಟ್ಟಿಗೆ ಇಂತಹ ಒಂದು ಕಾರಣವಿರುತ್ತದೆ.

ನಾಟಿ ಮತ್ತು ಸುಧಾರಿತ ತಳಿ

ಈ ಭಾಗದ ಹಿತ್ತಲುಗಳಲ್ಲಿ ಎರಡು ಬಗೆಯ ಕೋಳಿಗಳನ್ನು ಕಾಣಬಹುದು. ಒಂದು, ತಲೆತಲಾಂತರದಿಂದ ಬಂದ ನಾಟಿ ಕೋಳಿ. ಕೆಂಪು, ಕಪ್ಪು, ಬೂದು, ಚುಕ್ಕೆ ಹೀಗೆ ನಾನಾ ಬಣ್ಣದವು ಒಂದೇ ತಾಯಿಯ ಮರಿಗಳಲ್ಲಿ ಇರುವುದುಂಟು. ಕುತ್ತಿಗೆಯಲ್ಲಿ ಗರಿಯೇ ಇಲ್ಲದ ಕೋಳಿಗಳೂ ಕೆಲವೆಡೆ ಕಾಣಸಿಗುತ್ತವೆ. ನೋಡಲು ವಿಕಾರವೆನಿಸಿದರೂ ಅದು ರೋಗವಲ್ಲ, ಹುಟ್ಟಿನಿಂದ ಬಂದ ಗುಣ. ಬಿಸಿಲು ಸೀಮೆಯಲ್ಲಿ ಮೈಯ ಶಾಖವನ್ನು ಹೊರಹಾಕಲು ಅದು ನೆರವಾಗುತ್ತದೆ.

ಇನ್ನೊಂದು, ಗಿರಿರಾಜದಂತಹ ಸುಧಾರಿತ ತಳಿ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದನ್ನು ಅಭಿವೃದ್ಧಿಪಡಿಸಿ 1989ರಲ್ಲಿ ಬಿಡುಗಡೆ ಮಾಡಿದರು. ಸ್ವರ್ಣಧಾರಾ ತಳಿ 2005ರಲ್ಲಿ ಬಂದಿತು. ಹೈದರಾಬಾದಿನ ವನರಾಜವೂ ಇದೇ ಗುಂಪಿಗೆ ಸೇರುತ್ತದೆ. ನಾಟಿ ಹೇಟೆ ವರ್ಷಕ್ಕೆ ಸುಮಾರು 50ರಿಂದ 60 ಮೊಟ್ಟೆ ಇಟ್ಟರೆ ಇವು ಅದರ ಎರಡು ಪಟ್ಟಿಗೂ ಹೆಚ್ಚು ಇಡುತ್ತವೆ, ತೂಕವೂ ಅಧಿಕ. ಆದರೆ ಇವು ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ಭಾರದ ಮೈಯಿಂದಾಗಿ ನಾಟಿ ಕೋಳಿಯಷ್ಟು ಚುರುಕಾಗಿ ಹಾರಿ ತಪ್ಪಿಸಿಕೊಳ್ಳಲೂ ಆಗುವುದಿಲ್ಲ. ಆದ್ದರಿಂದ ಸುಧಾರಿತ ತಳಿಯ ಮೊಟ್ಟೆಯನ್ನು ನಾಟಿ ಹೇಟೆಯ ಅಡಿಯಲ್ಲಿಟ್ಟು ಮರಿ ಮಾಡಿಸುವುದುಂಟು. ಮೊಟ್ಟೆ ಹೆಚ್ಚಿಸುವ ಭರದಲ್ಲಿ ಕಾವು ಕೂರುವ ತಾಯಿಯನ್ನು ಹಿತ್ತಲಿನಿಂದ ಓಡಿಸಿದರೆ ಮುಂದಿನ ತಲೆಮಾರಿಗೆ ಪ್ರತಿ ಸಲವೂ ಮರಿಯನ್ನು ಹಣ ಕೊಟ್ಟೇ ತರಬೇಕಾಗುತ್ತದೆ.

2019ರ ಜಾನುವಾರು ಗಣತಿಯಂತೆ ದೇಶದಲ್ಲಿದ್ದ ಸುಮಾರು 85 ಕೋಟಿ ಕೋಳಿ ಮತ್ತಿತರ ಸಾಕುಹಕ್ಕಿಗಳಲ್ಲಿ ಸುಮಾರು 31.7 ಕೋಟಿ ಹಿತ್ತಲಲ್ಲೇ ಬೆಳೆದವು. 2012ಕ್ಕೆ ಹೋಲಿಸಿದರೆ ಹಿತ್ತಲ ಹಕ್ಕಿಗಳ ಸಂಖ್ಯೆ ಶೇ 46ರಷ್ಟು ಏರಿತ್ತು. ದೊಡ್ಡ ಫಾರಂಗಳ ಕಾಲದಲ್ಲಿ ಹಿತ್ತಲ ಕೋಳಿ ಕಣ್ಮರೆಯಾಗುತ್ತದೆ ಎಂಬ ಊಹೆ ಸುಳ್ಳಾಗಿದೆ.

ಬೆಳಗಿನಿಂದ ಸಂಜೆಯವರೆಗೆ

‘ಕೋಳಿ ಕೂಗುವ ಹೊತ್ತು’ ಎಂಬುದು ನಮ್ಮಲ್ಲಿ ಕಾಲವನ್ನು ಸೂಚಿಸುವ ಮಾತು. ಬೆಳಕು ಕಂಡು ಹುಂಜ ಕೂಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹುಂಜಗಳನ್ನು ಸದಾ ಮಂದ ಬೆಳಕಿರುವ ಕೋಣೆಯಲ್ಲಿಟ್ಟು ಪರೀಕ್ಷಿಸಿ, ಅದಕ್ಕೆ ಬೆಳಕಿನ ಸೂಚನೆ ಬೇಕಿಲ್ಲ, ಮೈಯೊಳಗೇ ಗಡಿಯಾರವಿದೆ ಎಂದು 2013ರಲ್ಲಿ ತಿಳಿಸಿದರು. ಸುಮಾರು ಒಂದು ದಿನದ ಲಯದಲ್ಲಿ ಅವು ಕೂಗುತ್ತಲೇ ಇದ್ದವು. ಹಲವು ಹುಂಜಗಳಿದ್ದ ಕಡೆ ಮೊದಲು ಕೂಗುವ ಹಕ್ಕು ಗುಂಪಿನ ಯಜಮಾನನದು, ಉಳಿದವು ದರ್ಜೆಗೆ ತಕ್ಕಂತೆ ಸರದಿಯಲ್ಲಿ ಕೂಗುತ್ತವೆ ಎಂಬುದನ್ನೂ ಅದೇ ತಂಡ 2015ರಲ್ಲಿ ಪ್ರಕಟಿಸಿತು. ತನ್ನ ಕೋಳಿ ಕೂಗಿದ್ದರಿಂದಲೇ ಬೆಳಗಾಗುತ್ತದೆಂದು ಬೀಗಿದ ಮುದುಕಿಯ ಕಥೆಯನ್ನು ನಾವೆಲ್ಲರೂ ಕೇಳಿದ್ದೇವೆ. ಮುದುಕಿಯ ಜಂಬ ಸುಳ್ಳಾದರೂ, ಬೆಳಗಾಗುವುದನ್ನು ಕೋಳಿ ಮೊದಲೇ ಬಲ್ಲದು ಎಂಬಷ್ಟು ನಿಜ.

ಮಂಕರಿ ಎತ್ತಿದೊಡನೆ ಕೋಳಿಗಳು ತಿಪ್ಪೆಯತ್ತ ಧಾವಿಸುತ್ತವೆ. ಎರಡು ಬಾರಿ ಕೆದಕಿ, ಒಂದು ಹೆಜ್ಜೆ ಹಿಂದೆ ಸರಿದು, ತಲೆ ಬಗ್ಗಿಸಿ ನೋಡುವುದು ಅವುಗಳ ಕ್ರಮ. ಮುಂದೆಯೇ ಕಾಳು ಸುರಿದಿದ್ದರೂ ಕೆದಕುವುದನ್ನು ಬಿಡುವುದಿಲ್ಲ. ಕೆದಕುವುದು ಹಸಿವಿಗಾಗಿ ಮಾತ್ರವಲ್ಲ, ಅದೊಂದು ಹುಟ್ಟುಗುಣ. ಕಾಳಿನ ಜೊತೆ ಸಣ್ಣ ಕಲ್ಲುಗಳನ್ನೂ ನುಂಗುತ್ತವೆ. ಹಲ್ಲಿಲ್ಲದ ಹಕ್ಕಿಗೆ ಹೊಟ್ಟೆಯೊಳಗಿನ ಅರೆಯುವ ಚೀಲದಲ್ಲಿ ಈ ಕಲ್ಲುಗಳೇ ಬೀಸುಕಲ್ಲು. ತಾರಸಿಯಲ್ಲಿ ಸಾಕುವವರು ಇದನ್ನು ಮರೆಯುತ್ತಾರೆ. ಇಡೀ ಕಾಳನ್ನು ಹಾಕುವುದಾದರೆ ಒಂದು ಹಿಡಿ ಒರಟು ಮರಳನ್ನೂ ಇಡಬೇಕು.

ಮಧ್ಯಾಹ್ನದ ಹೊತ್ತಿಗೆ ಹೊಸಬರನ್ನು ಗಾಬರಿಗೊಳಿಸುವ ದೃಶ್ಯವೊಂದು ನಡೆಯುತ್ತದೆ. ಕೋಳಿ ಒಂದು ಮಗ್ಗುಲಿಗೆ ಉರುಳಿ, ಕಾಲು ಚಾಚಿ, ಕಣ್ಣು ಅರೆಮುಚ್ಚಿ, ರೆಕ್ಕೆಯಿಂದ ಮಣ್ಣನ್ನು ಮೈಮೇಲೆ ಎರಚಿಕೊಳ್ಳುತ್ತದೆ. ಇದು ಸಂಕಟವಲ್ಲ, ಧೂಳಿನ ಸ್ನಾನ. ಗರಿಯ ಮೇಲಿನ ಹಳೆಯ ಜಿಡ್ಡನ್ನು ತೆಗೆಯಲು, ಹೇನು-ಉಣ್ಣೆಗಳ ಕಾಟ ಕಡಿಮೆ ಮಾಡಿಕೊಳ್ಳಲು ಕೋಳಿ ಕಂಡುಕೊಂಡ ಉಪಾಯವಿದು. ಹಿಂದೆ ಒಲೆಯ ಬೂದಿ ಹಿತ್ತಲಿನ ಮೂಲೆಯಲ್ಲಿ ಬೀಳುತ್ತಿತ್ತು, ಕೋಳಿಗಳು ಅದರಲ್ಲೇ ಹೊರಳುತ್ತಿದ್ದವು. ಗ್ಯಾಸ್ ಒಲೆ ಮತ್ತು ಸಿಮೆಂಟಿನ ಅಂಗಳ ಬಂದ ಮನೆಗಳಲ್ಲಿ ಈಗ ಎರಡೂ ಇಲ್ಲ. ಅಂತಹ ಕಡೆ ಹಳೆಯ ಬಾಣಲೆಯೊಂದರಲ್ಲಿ ಒಣಮಣ್ಣು ಮತ್ತು ಬೂದಿ ತುಂಬಿಟ್ಟರೆ ಸಾಕು.

ಸಂಜೆಯ ಮಬ್ಬಿನಲ್ಲಿ ಕೋಳಿಯ ಧೈರ್ಯ ಕುಸಿಯುತ್ತದೆ. ಹಗಲಿನಲ್ಲಿ ಮನುಷ್ಯನಿಗಿಂತ ಹೆಚ್ಚು ಬಣ್ಣಗಳನ್ನು, ನಮಗೆ ಕಾಣದ ಅತಿನೇರಳೆ ಕಿರಣವನ್ನೂ ಗ್ರಹಿಸುವ ಅದರ ಕಣ್ಣು ಕತ್ತಲೆಯಲ್ಲಿ ಬಹಳ ದುರ್ಬಲ. ಹೊತ್ತು ಮುಳುಗುವ ಮುನ್ನವೇ ಗೂಡು ಸೇರಲು ಅದು ಅವಸರಪಡುವುದು ಈ ಕಾರಣಕ್ಕೆ. ಹಗಲೆಲ್ಲ ಅಟ್ಟಾಡಿಸಿದರೂ ಸಿಗದ ಹುಂಜ ರಾತ್ರಿ ಒಂದೇ ಕೈಗೆ ಸಿಗುವ ಗುಟ್ಟೂ ಇದೇ.

ಕುಕ್ಕುವ ಸರದಿ

ಕಾಳು ಎರಚಿದಾಗ ಯಾವ ಕೋಳಿ ಮೊದಲು ತಿನ್ನುತ್ತದೆ, ಯಾವುದು ಕುಕ್ಕಿಸಿಕೊಂಡು ಹಿಂದೆ ಸರಿಯುತ್ತದೆ ಎಂಬುದನ್ನು ಗಮನಿಸಿದರೆ ಅದು ದಿನವೂ ಬದಲಾಗುವುದಿಲ್ಲ ಎಂದು ತಿಳಿಯುತ್ತದೆ. ನಾರ್ವೆಯ ಥಾರ್ಲೀಫ್ ಶೆಲ್ಡರಪ್-ಎಬ್ಬೆ ಬಾಲ್ಯದಿಂದಲೇ ಮನೆಯ ಕೋಳಿಗಳನ್ನು ಗಮನಿಸಿ ಟಿಪ್ಪಣಿ ಮಾಡಿಕೊಂಡವರು. ಪ್ರತಿ ಗುಂಪಿನಲ್ಲೂ ಯಾರು ಯಾರನ್ನು ಕುಕ್ಕಬಹುದೆಂಬ ಸರದಿ ಇರುತ್ತದೆ ಎಂದು 1921ರಲ್ಲಿ ಅವರು ವಿವರಿಸಿದರು. ಮನುಷ್ಯರ ಕಚೇರಿಗಳ ಮೇಲು-ಕೀಳನ್ನು ವರ್ಣಿಸಲು ಜಗತ್ತು ಇಂದು ಬಳಸುವ ಮಾತು ಹುಟ್ಟಿದ್ದು ಕೋಳಿಗೂಡಿನಲ್ಲಿ.

ಈ ಸರದಿ ಒಮ್ಮೆ ತೀರ್ಮಾನವಾದರೆ ಗುಂಪಿನಲ್ಲಿ ಶಾಂತಿ ನೆಲೆಸುತ್ತದೆ. ಪ್ರತಿ ಕಾಳಿಗೂ ಹೊಡೆದಾಟ ಬೇಕಾಗುವುದಿಲ್ಲ. ಸಂತೆಯಿಂದ ಹೊಸ ಕೋಳಿ ತಂದು ನೇರವಾಗಿ ಬಿಟ್ಟಾಗ ಮಾತ್ರ ಎಲ್ಲವೂ ಕದಡುತ್ತದೆ. ಹೊಸದನ್ನು ಎಲ್ಲವೂ ಸೇರಿ ಕುಕ್ಕಿ ರಕ್ತ ಬರಿಸುವುದುಂಟು. ರಕ್ತದ ಕೆಂಪು ಕಂಡರೆ ಉಳಿದವು ಅಲ್ಲಿಯೇ ಮತ್ತೆ ಮತ್ತೆ ಕುಕ್ಕುತ್ತವೆ. ಗಾಯಗೊಂಡ ಕೋಳಿಯನ್ನು ತಕ್ಷಣ ಬೇರ್ಪಡಿಸಬೇಕು. ಹೊಸ ಕೋಳಿಯನ್ನು ಎರಡು-ಮೂರು ವಾರ ದೂರದಲ್ಲಿ ಪ್ರತ್ಯೇಕವಾಗಿಟ್ಟು, ಬಳಿಕ ಕೆಲವು ದಿನ ಜಾಲರಿಯ ಆಚೆ ಕಾಣುವಂತಿಟ್ಟು, ಅನಂತರ ಸೇರಿಸುವುದು ಲೇಸು. ಜಗಳವೂ ತಪ್ಪುತ್ತದೆ, ಸಂತೆಯಿಂದ ರೋಗ ಬಂದಿದ್ದರೆ ಅದೂ ಅಷ್ಟರಲ್ಲಿ ಹೊರಬೀಳುತ್ತದೆ.

ಹುಂಜಗಳ ಕಾದಾಟ ಇದೇ ಸರದಿಯ ಉಗ್ರರೂಪ. ಬಯಲಿನಲ್ಲಿ ಸೋತ ಹುಂಜಕ್ಕೆ ಓಡಿಹೋಗಲು ದಾರಿಯಿರುವುದರಿಂದ ಕಾದಾಟ ಬೇಗ ಮುಗಿಯುತ್ತದೆ. ಕಾಲಿಗೆ ಕತ್ತಿ ಕಟ್ಟಿ, ಓಡದಂತೆ ಸುತ್ತುಗಟ್ಟಿ ಜನ ನಡೆಸುವ ಕೋಳಿ ಅಂಕ ಆ ಸಹಜಗುಣದ ದುರ್ಬಳಕೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ ಪ್ರಾಣಿಗಳನ್ನು ಹೀಗೆ ಕಾದಾಡಿಸುವುದು ಅಪರಾಧ.

ಒಂದೊಂದು ಕೂಗಿಗೂ ಒಂದು ಅರ್ಥ

ಹುಂಜಕ್ಕೆ ಹುಳ ಸಿಕ್ಕಿತೆನ್ನಿ. ತಕ್ಷಣ ತಿನ್ನದೆ ಅದನ್ನು ಎತ್ತಿ, ಬೀಳಿಸಿ, ಮತ್ತೆ ಎತ್ತಿ ‘ಕುಟ್ ಕುಟ್ ಕುಟ್’ ಎಂದು ಕರೆಯುತ್ತದೆ. ಹೇಟೆಗಳು ಓಡಿಬಂದು ತಿನ್ನುತ್ತವೆ. ಆಸ್ಟ್ರೇಲಿಯಾದ ಮ್ಯಾಕ್ವಾರಿ ವಿಶ್ವವಿದ್ಯಾಲಯದ ಸಂಶೋಧಕರು ಈ ಕರೆಯನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ಇದು ಬರಿಯ ಉದ್ವೇಗವಲ್ಲ, ಇಲ್ಲಿ ಆಹಾರವಿದೆ ಎಂಬ ಸುದ್ದಿ. ಹೇಟೆ ಹತ್ತಿರವಿದ್ದಾಗ ಹುಂಜ ಹೆಚ್ಚು ಕರೆಯುತ್ತದೆ. ಆಹಾರವಿಲ್ಲದಿದ್ದರೂ ಸುಳ್ಳು ಕರೆ ಕೊಡುವ ಹುಂಜಗಳೂ ಇವೆ, ಅಂಥವನ್ನು ಹೇಟೆಗಳು ಕ್ರಮೇಣ ನಂಬುವುದನ್ನು ಬಿಡುತ್ತವೆ.

ಅಪಾಯದ ಕೂಗಿನಲ್ಲಿಯೂ ಎರಡು ವಿಧಗಳಿವೆ. ಆಕಾಶದಲ್ಲಿ ಹದ್ದೋ ಗಿಡುಗವೋ ಸುಳಿದರೆ ಸಣ್ಣದಾದ, ಎಳೆದ ಒಂದು ಕೀರಲು ದನಿ. ಅದನ್ನು ಕೇಳಿದೊಡನೆ ಹೇಟೆ ಮತ್ತು ಮರಿಗಳು ಬೇಲಿಯ ಅಡಿಗೆ ನುಗ್ಗುತ್ತವೆ, ಇಲ್ಲವೇ ನೆಲಕ್ಕೆ ಅಂಟಿ ಕೂತು ಮೇಲೆ ನೋಡುತ್ತವೆ. ನಾಯಿ, ಮುಂಗುಸಿ, ಬೆಕ್ಕು ನೆಲದ ಮೇಲೆ ಬಂದರೆ ‘ಕೊಕ್ ಕೊಕ್ ಕೊಕ್ ಕೊಕ್ಕೋ’ ಎಂಬ ಗಟ್ಟಿಯಾದ, ಎಡೆಬಿಡದ ಗದ್ದಲ. ಆಗ ಅವು ಅಡಗದೆ ಕುತ್ತಿಗೆ ನೀಡಿ ಸುತ್ತಲೂ ನೋಡುತ್ತವೆ. ಕೂಗನ್ನಷ್ಟೇ ಧ್ವನಿಮುದ್ರಿಸಿ ಕೇಳಿಸಿದಾಗಲೂ ಹೇಟೆಗಳು ಹೀಗೆಯೇ ವರ್ತಿಸಿದ್ದು 1990ರ ದಶಕದ ಪ್ರಯೋಗಗಳಲ್ಲಿ ದೃಢಪಟ್ಟಿದೆ. ಅಡುಗೆಮನೆಯಲ್ಲಿದ್ದುಕೊಂಡೇ ಹಿತ್ತಲಿಗೆ ಬಂದದ್ದು ಹದ್ದೋ ನಾಯಿಯೋ ಎಂದು ಹೇಳಬಲ್ಲ ಹಳ್ಳಿಯ ಹೆಂಗಸರಿಗೆ ಈ ಪ್ರಯೋಗದಿಂದ ಹೊಸದೇನೂ ತಿಳಿಯಬೇಕಿಲ್ಲ.

ಮೇಲೆ ನೋಡುವಾಗ ಕೋಳಿ ತಲೆಯನ್ನು ವಾಲಿಸಿ ಒಂದೇ ಕಣ್ಣಿನಿಂದ ನೋಡುವುದನ್ನೂ ಕಾಣಬಹುದು. ಅಪಾಯವನ್ನು ಗಮನಿಸಲು ಎಡಗಣ್ಣು, ಕಾಳು-ಕಲ್ಲು ಬೇರ್ಪಡಿಸಲು ಬಲಗಣ್ಣು ಎಂಬ ಕೆಲಸದ ಹಂಚಿಕೆ ಅದರ ಮಿದುಳಿನಲ್ಲಿದೆ. ಮೊಟ್ಟೆಯೊಳಗೆ ಮರಿಯ ಬಲಗಣ್ಣು ಚಿಪ್ಪಿನ ಕಡೆಗಿದ್ದು ಬೆಳಕು ಕಾಣುವುದು ಇದಕ್ಕೆ ಒಂದು ಕಾರಣವೆಂದು ಆಸ್ಟ್ರೇಲಿಯಾದ ವಿಜ್ಞಾನಿ ಲೆಸ್ಲಿ ರೋಜರ್ಸ್ ತೋರಿಸಿದ್ದಾರೆ.

ಮೊಟ್ಟೆ, ಕಾವು ಮತ್ತು ಮರಿ

ಒಂದು ಮೊಟ್ಟೆ ಸಿದ್ಧವಾಗಲು ಸುಮಾರು 25 ಗಂಟೆ ಬೇಕು. ಅದರಲ್ಲಿ ಸುಮಾರು 20 ಗಂಟೆ ಚಿಪ್ಪಿಗೇ ಹೋಗುತ್ತದೆ. ಆದ್ದರಿಂದ ಇಂದು ಬೆಳಿಗ್ಗೆ ಇಟ್ಟ ಹೇಟೆ ನಾಳೆ ತುಸು ತಡವಾಗಿ ಇಡುತ್ತದೆ. ಹೀಗೆ ತಡವಾಗುತ್ತ ಹೋಗಿ ಒಂದು ದಿನ ಇಡುವುದೇ ಇಲ್ಲ. ಮೊಟ್ಟೆ ತಪ್ಪಿದ ಆ ದಿನ ಯಾರ ದೃಷ್ಟಿಯೂ ತಾಗಿರುವುದಿಲ್ಲ. ಹಗಲು ಕಿರಿದಾದ ತಿಂಗಳುಗಳಲ್ಲಿ ಮೊಟ್ಟೆ ಕಡಿಮೆಯಾಗುವುದೂ ಸಹಜ. ಮೊಟ್ಟೆಯಿಡುವ ಹೇಟೆಯ ಚಿಪ್ಪಿಗೆ ಸುಣ್ಣದ ಅಂಶ ಬೇಕು. ಅದು ಸಾಲದಾದಾಗ ತೊಗಲಿನಂತಹ ಮೆತ್ತನೆಯ ಮೊಟ್ಟೆ ಬರುತ್ತದೆ. ಮೊಟ್ಟೆಯ ಚಿಪ್ಪನ್ನು ಒಣಗಿಸಿ ನುಣ್ಣಗೆ ಪುಡಿಮಾಡಿ ಮೇವಿನಲ್ಲಿ ಬೆರೆಸಿದರೆ ಅನುಕೂಲ. ಇಡಿಯಾಗಿ ಎಸೆದರೆ ಮೊಟ್ಟೆ ಒಡೆದು ತಿನ್ನುವ ಚಾಳಿ ಹತ್ತಬಹುದು.

ಮನೆಯವರು ಇಟ್ಟ ಮಂಕರಿಯನ್ನು ಬಿಟ್ಟು ಹೇಟೆ ಹುಲ್ಲಿನ ಬಣವೆಯ ಸಂದಿನಲ್ಲಿ, ಬೇಲಿಯ ಮೊದಲಲ್ಲಿ ಮೊಟ್ಟೆಯಿಡುವುದು ಪ್ರಸಿದ್ಧ ಚೇಷ್ಟೆ. ಕತ್ತಲಾದ, ಮೂರು ಕಡೆ ಮುಚ್ಚಿದ ಜಾಗವನ್ನೇ ಅದು ಹುಡುಕುತ್ತದೆ. ಮೊಟ್ಟೆಯಿರುವ ಕಡೆಯೇ ಮತ್ತೆ ಇಡುವುದೂ ಅದರ ಗುಣ. ಎಲ್ಲ ಮೊಟ್ಟೆಗಳನ್ನು ತೆಗೆಯದೆ ಒಂದನ್ನು ಬಿಡಬೇಕೆಂದು ಹಿರಿಯರು ಹೇಳುವುದು ಈ ಅನುಭವದಿಂದಲೇ.

ಹತ್ತು-ಹದಿನೈದು ಮೊಟ್ಟೆಯಾದ ಮೇಲೆ ನಾಟಿ ಹೇಟೆಯ ಸ್ವಭಾವವೇ ಬದಲಾಗುತ್ತದೆ. ಗೂಡು ಬಿಟ್ಟೇಳುವುದಿಲ್ಲ, ಕೈ ಚಾಚಿದರೆ ಗರಿ ಕೆದರಿ ಗುರುಗುಟ್ಟಿ ಕುಕ್ಕುತ್ತದೆ, ಮೇವು ಬಿಡುತ್ತದೆ, ಎದೆಯ ಗರಿ ಉದುರುತ್ತದೆ. ಇದು ರೋಗವಲ್ಲ. ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರಿ ಕಾವಿಗೆ ಕೂತ ಲಕ್ಷಣ. ಮೊಟ್ಟೆಯ ಆಸೆಗೆ ಇಂತಹ ಹೇಟೆಯನ್ನು ನೀರಿನಲ್ಲಿ ಅದ್ದಿ ಕಾವು ಬಿಡಿಸುವವರಿದ್ದಾರೆ. ಅದರಿಂದ ಹಕ್ಕಿಗೆ ಹಿಂಸೆಯಾಗುತ್ತದೆ. ಕಾವು ಬೇಡವಾದರೆ ಮೆತ್ತೆಯಿಲ್ಲದ, ಅಡಿಯಿಂದ ಗಾಳಿಯಾಡುವ ಜಾಲರಿಯ ಪಂಜರದಲ್ಲಿ ನೀರು-ಮೇವು ಕೊಟ್ಟು ಕೆಲವು ದಿನ ಇಟ್ಟರೆ ಸಾಕು.

ಕಾವು 21 ದಿನಗಳದು. ದಿನಕ್ಕೊಮ್ಮೆ ಮಾತ್ರ ಎದ್ದು ತಿಂದು, ಕುಡಿದು, ಹಿಕ್ಕೆ ಹಾಕಿ ಹೇಟೆ ಮರಳುತ್ತದೆ. ಮೊಟ್ಟೆಗಳನ್ನು ದಿನಕ್ಕೆ ಹಲವು ಸಲ ಕೊಕ್ಕಿನಿಂದ ಹೊರಳಿಸುತ್ತದೆ. ಹೊರಳಿಸದಿದ್ದರೆ ಒಳಗಿನ ಪಿಂಡ ಪೊರೆಗೆ ಅಂಟಿ ಸಾಯಬಹುದು. ಏಳನೆಯ ದಿನ ರಾತ್ರಿ ಟಾರ್ಚಿನ ಬೆಳಕಿಗೆ ಹಿಡಿದರೆ ನಾಳಗಳು ಕಾಣುವ ಮೊಟ್ಟೆ ಜೀವಂತ, ಬರಿದಾಗಿ ಹೊಳೆಯುವುದು ಗೊಡ್ಡು. ಕೊನೆಯ ದಿನಗಳಲ್ಲಿ ಮರಿ ಚಿಪ್ಪಿನೊಳಗಿನಿಂದಲೇ ಚಿಯ್ಗುಟ್ಟುತ್ತದೆ, ತಾಯಿ ಮೆಲ್ಲಗೆ ಉತ್ತರಿಸುತ್ತದೆ. ಹುಟ್ಟುವ ಮೊದಲೇ ತಾಯಿಯ ದನಿ ಮರಿಗೆ ಪರಿಚಿತ. ಮೊಟ್ಟೆಯ ಬಂಡಾರ ಹೊಟ್ಟೆಯೊಳಗೆ ಸೇರಿರುವುದರಿಂದ ಮರಿ ಎರಡು ದಿನ ಮೇವಿಲ್ಲದೆ ಇರಬಲ್ಲದು. ಹಾಗಾಗಿ ಕೊನೆಯ ಮರಿ ಹೊರಬರುವವರೆಗೆ ತಾಯಿ ಕಾಯಲು ಸಾಧ್ಯವಾಗುತ್ತದೆ.

ಹುಟ್ಟಿದ ಮೊದಲ ದಿನಗಳಲ್ಲಿ ಕಂಡ, ಚಲಿಸುವ ವಸ್ತುವನ್ನೇ ಮರಿ ತಾಯಿಯೆಂದು ಹಿಂಬಾಲಿಸುತ್ತದೆ. ಇಂಗ್ಲೆಂಡಿನ ಡಗ್ಲಾಸ್ ಸ್ಪಾಲ್ಡಿಂಗ್ ಇದನ್ನು 1873ರಲ್ಲಿಯೇ ಬರೆದಿದ್ದರು. ನಾಟಿ ಹೇಟೆಯ ಹಿಂದೆ ಗಿರಿರಾಜ ಮರಿಗಳೂ ಬಾತುಮರಿಗಳೂ ನಿಶ್ಚಿಂತೆಯಿಂದ ಓಡುವುದು ಇದೇ ಗುಣದಿಂದ. ಮರಿಗಳ ಬುದ್ಧಿಯೂ ಕಡಿಮೆಯದಲ್ಲ. ಇಟಲಿಯ ಸಂಶೋಧಕರು ಕೆಲವೇ ದಿನಗಳ ಮರಿಗಳ ಮುಂದೆ ಐದು ವಸ್ತುಗಳನ್ನು ಎರಡು ಪರದೆಗಳ ಹಿಂದೆ ಮರೆಮಾಡಿ, ಆಚೀಚೆ ಬದಲಾಯಿಸಿ ನೋಡಿದರು. ಹೆಚ್ಚು ವಸ್ತುಗಳಿರುವ ಪರದೆಯತ್ತಲೇ ಮರಿಗಳು ಹೋದುದನ್ನು 2009ರಲ್ಲಿ ವರದಿ ಮಾಡಿದರು. ‘ಕೋಳಿಗೆ ಹೇಳಿ ಮಸಾಲೆ ಅರೆಯುತ್ತಾರೆಯೇ’ ಎಂದು ಕೇಳುವ ನಾವು ಅದು ಎಣಿಸಬಲ್ಲದು ಎಂಬುದನ್ನು ಊಹಿಸಿರಲಿಲ್ಲ.

ಅಪಶಕುನವಲ್ಲ, ಶರೀರಧರ್ಮ

ಹೇಟೆ ಹುಂಜದಂತೆ ಕೂಗಿದರೆ ಮನೆಗೆ ಕೇಡು ಎಂಬ ನಂಬಿಕೆ ಹಲವೆಡೆ ಇದೆ. ಅಂತಹ ಹೇಟೆಯನ್ನು ಅಂದೇ ಕೊಯ್ಯುವುದೂ ಉಂಟು. ಕಾರಣ ಸರಳ. ಹೇಟೆಯಲ್ಲಿ ಕೆಲಸ ಮಾಡುವುದು ಎಡಗಡೆಯ ಅಂಡಾಶಯ ಮಾತ್ರ. ಮುಪ್ಪಿನಿಂದಲೋ ರೋಗದಿಂದಲೋ ಅದು ಕೆಟ್ಟಾಗ ಗಂಡು ಹಾರ್ಮೋನಿನ ಪ್ರಭಾವ ಮೇಲಾಗುತ್ತದೆ. ಜುಟ್ಟು ಬೆಳೆಯುತ್ತದೆ, ಕಾಲಿನಲ್ಲಿ ಮುಳ್ಳು ಮೂಡುತ್ತದೆ, ಹೇಟೆ ಕೂಗುತ್ತದೆ. ಹುಂಜವಿಲ್ಲದ ಗುಂಪಿನಲ್ಲಿ ಯಜಮಾನಿಕೆ ಹಿಡಿದ ಹೇಟೆಯೂ ಒಮ್ಮೊಮ್ಮೆ ಕೂಗಬಹುದು. ಕೇಡು ಯಾವುದೂ ಇಲ್ಲ, ಮೊಟ್ಟೆ ನಿಂತಿರಬಹುದು ಅಷ್ಟೆ.

ಇಂತಹ ಭಯ ನಮ್ಮಲ್ಲಿ ಮಾತ್ರ ಇದ್ದುದಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1474ರಲ್ಲಿ ಮೊಟ್ಟೆಯಿಟ್ಟಿತೆಂಬ ಆರೋಪದ ಮೇಲೆ ಹುಂಜವೊಂದನ್ನು ವಿಚಾರಣೆಗೆ ಒಳಪಡಿಸಿ, ಸುಟ್ಟುಹಾಕಿದರು. ಹಳದಿ ಬಂಡಾರವಿಲ್ಲದ, ಗೋಲಿಯಂತಹ ಪುಟ್ಟ ಮೊಟ್ಟೆಯನ್ನು ಅಲ್ಲಿನವರು ಹುಂಜದ ಮೊಟ್ಟೆ ಎನ್ನುತ್ತಿದ್ದರು. ಮೊದಲ ಸಲ ಮೊಟ್ಟೆಯಿಡುವ ಹೇಟೆಗಳಲ್ಲಿ ಇಂತಹ ಮೊಟ್ಟೆ ಆಗಾಗ ಬರುವುದು ಮಾಮೂಲು.

ವರ್ಷಕ್ಕೊಮ್ಮೆ ಕೋಳಿ ಹಳೆಯ ಗರಿ ಉದುರಿಸಿ ಹೊಸದನ್ನು ತೊಡುತ್ತದೆ. ಆ ಎರಡು-ಮೂರು ತಿಂಗಳು ಮೈ ಬೋಳಾಗಿ, ಮೊಟ್ಟೆ ನಿಂತು, ಜುಟ್ಟು ಕಳೆಗುಂದಿರುತ್ತದೆ. ಕಾಯಿಲೆಯೆಂದು ಹೆದರಿ ಒಳ್ಳೆಯ ಹೇಟೆಯನ್ನು ಅರ್ಧ ಬೆಲೆಗೆ ಮಾರಿ ನಷ್ಟಪಡುವುದು ಈ ಸಮಯದಲ್ಲೇ. ಗರಿ ಬಹುಪಾಲು ಪ್ರೊಟೀನಿನಿಂದಾದುದು. ಆದ್ದರಿಂದ ಹುಳುಹುಪ್ಪಟೆ, ಕಾಳಿನ ನುಚ್ಚು, ಹಿಂಡಿಯಂತಹ ಪುಷ್ಟಿಕರ ಮೇವು ಬೇಕು.

ಮಕ್ಕಳು ಕೋಳಿಯನ್ನು ಮಲಗಿಸಿ ಅಲುಗಾಡದಂತೆ ಮಾಡುವ ಆಟ ಆಡುವುದುಂಟು. ಅಥಾನೇಸಿಯಸ್ ಕಿರ್ಚರ್ ಎಂಬ ವಿದ್ವಾಂಸ 1646ರಲ್ಲಿ ಕೋಳಿಯ ಮುಂದೆ ಗೆರೆ ಎಳೆದು ಇದನ್ನು ವಿವರಿಸಿದ್ದ. ಅದು ನಿದ್ದೆಯೂ ಅಲ್ಲ, ಮಂತ್ರವೂ ಅಲ್ಲ. ಶತ್ರುವಿನ ಹಿಡಿತಕ್ಕೆ ಸಿಕ್ಕಾಗ ಸತ್ತಂತೆ ಬಿದ್ದಿದ್ದು ಪಾರಾಗುವ ಕೊನೆಯ ಉಪಾಯ. ಕೋಳಿಗೆ ಅದು ಭಯದ ಗಳಿಗೆ. ಆಟವಾಗಿ ಮಾಡಬಾರದು.

ಬೇಸಿಗೆಯ ಸಂಕಟ

ಏಪ್ರಿಲ್-ಮೇ ತಿಂಗಳಲ್ಲಿ ಪಾವಗಡ, ಶಿರಾ ಕಡೆಯ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಕೋಳಿಯ ಮೈಬಿಸಿ ಮೊದಲೇ 41ರಿಂದ 42 ಡಿಗ್ರಿ. ಬೆವರಲು ಗ್ರಂಥಿಗಳಿಲ್ಲ. ಕೊಕ್ಕು ತೆರೆದು ತೇಕುವುದು, ರೆಕ್ಕೆಯನ್ನು ಮೈಯಿಂದ ದೂರ ಹಿಡಿಯುವುದು ತಂಪಾಗುವ ಪ್ರಯತ್ನ. ಇಷ್ಟಾದರೆ ನೆರಳು, ಮಣ್ಣಿನ ಅಗಲ ಪಾತ್ರೆಯಲ್ಲಿ ತಣ್ಣೀರು, ಬೆಳಗಿನ ತಂಪಿನಲ್ಲೇ ಮೇವು ಸಾಕು. ಆದರೆ ತೇಕುತ್ತಲೇ ತೂಕಡಿಸಿ ವಾಲುವ ಕೋಳಿ ಅಪಾಯದಲ್ಲಿದೆ. ಅದನ್ನು ಕೂಡಲೇ ತಂಪಿಗೆ ಒಯ್ದು ಕಾಲು ಮತ್ತು ಜುಟ್ಟನ್ನು ನೀರಿನಿಂದ ಒದ್ದೆ ಮಾಡಬೇಕು. ತಗಡಿನ ಗೂಡಿನಲ್ಲಿ ಮಧ್ಯಾಹ್ನ ಕೂಡಿಹಾಕುವುದು ಕೊಲ್ಲುವುದಕ್ಕೆ ಸಮ.

ಇವು ಚೇಷ್ಟೆಯಲ್ಲ

ಕುತ್ತಿಗೆ ತಿರುಚಿ ಆಕಾಶ ನೋಡುವುದು, ಒಂದೇ ಕಡೆ ಸುತ್ತುವುದು, ಕಾಲು-ರೆಕ್ಕೆ ಸೋಲುವುದು, ಹಸಿರು ಬಣ್ಣದ ನೀರು ಹಿಕ್ಕೆ, ಬಿಸಿಲಿಲ್ಲದ ಹೊತ್ತಿನಲ್ಲೂ ಕೊಕ್ಕು ತೆರೆದು ಉಸಿರಿಗೆ ಹೆಣಗುವುದು, ಇವು ಕೊಕ್ಕರೆ ರೋಗದ ಲಕ್ಷಣಗಳು. ಇದೇ ರಾಣಿಖೇತ್ ರೋಗ. 1920ರ ದಶಕದ ಕೊನೆಯಲ್ಲಿ ಉತ್ತರಾಖಂಡದ ರಾಣಿಖೇತ್‌ನಲ್ಲಿ ಕಾಣಿಸಿಕೊಂಡುದರಿಂದ ಭಾರತದಲ್ಲಿ ಈ ಹೆಸರು ಬಂದಿತು. ಇದಕ್ಕೆ ಔಷಧವಿಲ್ಲ, ಲಸಿಕೆಯೊಂದೇ ರಕ್ಷಣೆ. ಮರಿಗಳಿಗೆ ಮೊದಲ ವಾರದಲ್ಲಿ ಕಣ್ಣು ಅಥವಾ ಮೂಗಿಗೆ ಹನಿ, ಸುಮಾರು ಎಂಟು ವಾರಕ್ಕೆ ಚುಚ್ಚುಮದ್ದು ಎಂಬುದು ಸಾಮಾನ್ಯ ಕ್ರಮ. ಲಸಿಕೆಯ ಒಂದು ಸೀಸೆ ನೂರಾರು ಕೋಳಿಗೆ ಸಾಕಾಗುತ್ತದೆ, ಕಲಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಆದ್ದರಿಂದ ನಾಲ್ಕು ಕೋಳಿ ಸಾಕುವವರು ಒಬ್ಬೊಬ್ಬರೇ ಹೋಗುವ ಬದಲು ಕೇರಿಯವರೆಲ್ಲ ಸೇರಿ ಒಂದೇ ದಿನ ಹಾಕಿಸುವುದೇ ಸರಿಯಾದ ದಾರಿ.

ಈ ಭಾಗಕ್ಕೆ ವಿಶೇಷವಾಗಿ ಅನ್ವಯಿಸುವ ಇನ್ನೊಂದು ಎಚ್ಚರಿಕೆ ಬೂಸಲು ಹಿಡಿದ ಕಡಲೆಕಾಯಿಯದು. ಮನುಷ್ಯರಿಗೆ ಆಗದ್ದನ್ನು ಕೋಳಿಗೆ ಎರಚುವ ರೂಢಿ ಇದೆ. ಬೂಸಲಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಬೂಸಲು ಹಿಡಿದ ಕಡಲೆಕಾಯಿ ಹಿಂಡಿಯಿಂದಲೇ ಈ ವಿಷ ಪತ್ತೆಯಾಯಿತು. ಅದು ಕೋಳಿಯ ಯಕೃತ್ತನ್ನು ನಿಧಾನವಾಗಿ ಹಾಳುಮಾಡುತ್ತದೆ. ಮೇವು ಒಲ್ಲದೆ ಸೊರಗುವ ಕೋಳಿಯ ಕಾಯಿಲೆಯ ಮೂಲ ಮನೆಯ ಮೂಲೆಯ ಚೀಲದಲ್ಲಿರಬಹುದು.

ಒಂದೆರಡು ದಿನಗಳಲ್ಲಿ ಹಲವು ಕೋಳಿಗಳು ಸತ್ತರೆ ಮುಚ್ಚಿಡಬಾರದು. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ಚಿಕ್ಕಬಳ್ಳಾಪುರ ಜಿಲ್ಲೆ ಮಧುಗಿರಿ, ಕೊರಟಗೆರೆ ತಾಲ್ಲೂಕುಗಳ ನೆರೆಯದೇ. ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟದೆ, ತಿನ್ನದೆ, ಕೆರೆಗೋ ಬೇಲಿಗೋ ಎಸೆಯದೆ ಪಶು ಆಸ್ಪತ್ರೆಗೆ ತಿಳಿಸಬೇಕು. ಪಶು ಇಲಾಖೆಯ ಸಹಾಯವಾಣಿ 1962ಕ್ಕೂ ಕರೆ ಮಾಡಬಹುದು. ಸೊರಗಿದ ಕೋಳಿ ಸಾಯುವ ಮುನ್ನ ಕಾಸಾಗಲಿ ಎಂದು ಸಂತೆಗೆ ಒಯ್ಯುವುದು ಬಡತನದಲ್ಲಿ ಅರ್ಥವಾಗುವ ಆಸೆ. ಆದರೆ ಒಂದು ಮನೆಯ ರೋಗ ಹತ್ತು ಊರಿಗೆ ಹರಡುವ ದಾರಿ ಅದೇ. ಅಲ್ಲಿ ನಷ್ಟವಾಗುವುದೂ ಇನ್ನೊಬ್ಬ ಬಡವಳ ಗಂಟೇ.

ನೋಡುವ ಅಭ್ಯಾಸ

ಒಟ್ಟಿನಲ್ಲಿ ಹೇಳಬೇಕಾದರೆ, ಎಚ್ಚರವಾಗಿದ್ದು ಮಾಡುವ ವಿಚಿತ್ರವೆಲ್ಲ ಬಹುತೇಕ ಚೇಷ್ಟೆ. ಗುಂಪಿನಿಂದ ದೂರ ಸರಿದು, ಗರಿ ಉಬ್ಬಿಸಿ, ತಲೆ ತಗ್ಗಿಸಿ, ಕರೆದರೂ ಬಾರದೆ ನಿಲ್ಲುವುದು ರೋಗ. ಕಾಡಿನ ಹಕ್ಕಿ ತನ್ನ ನೋವನ್ನು ಶತ್ರುವಿಗೆ ಕಾಣದಂತೆ ಮುಚ್ಚಿಡುತ್ತದೆ, ಹಿತ್ತಲ ಕೋಳಿಯೂ ಹಾಗೆಯೇ. ಅದು ಮಂಕಾಗಿ ನಿಂತಿದೆ ಎಂದು ನಮಗೆ ಕಂಡ ಹೊತ್ತಿಗೆ ರೋಗ ಆಗಲೇ ಬಲಿತಿರುತ್ತದೆ.

ಆದ್ದರಿಂದ ಬೆಳಿಗ್ಗೆ ಮಂಕರಿ ಎತ್ತುವಾಗ ಐದು ನಿಮಿಷ ನಿಂತು ನೋಡುವುದೇ ಅತ್ಯಂತ ಅಗ್ಗದ ವೈದ್ಯ. ಯಾವುದು ಮೊದಲು ಓಡಿತು, ಯಾವುದು ಹಿಂದುಳಿಯಿತು, ನಿನ್ನೆ ಕೂಗಿದ್ದು ಇಂದು ಕೂಗಿತೇ, ಹಿಕ್ಕೆ ಹೇಗಿದೆ ಎಂದು ಗಮನಿಸಿದರೆ ಸಾಕು. ಈ ನಾಲ್ಕು ತಾಲ್ಲೂಕುಗಳ ಅಜ್ಜಿಯರು ಮಾಡಿಕೊಂಡು ಬಂದಿರುವುದು ಇದನ್ನೇ. ಪುಸ್ತಕ ಓದಿ ಕೋಳಿ ಸಾಕಲು ಹೊರಟ ನಗರದವರು ಮೊದಲು ಕಲಿಯಬೇಕಾದುದೂ ಇದನ್ನೇ.